ಮಾಗಿಯಲ್ಲಿ ಕಾಡಿನ ಮಣ್ಣು

ಕಾಡಿನ ಮಣ್ಣು ಚಳಿಗಾಲದಲ್ಲೂ ಅನಿಲ ಬಿಡುತ್ತದೆ. ಫಿನ್ಲೆಂಡ್, ಕೆನಡಾಗಳಲ್ಲಿ ದಪ್ಪ ಹಿಮ ನೆಲಕ್ಕೆ ಕಂಬಳಿಯಾಗುವುದರಿಂದ, ಅದರಡಿಯ ಸೂಕ್ಷ್ಮಜೀವಿಗಳು ತರಗೆಲೆ ಕೊಳೆಸುತ್ತಲೇ ಇರುತ್ತವೆ. ಕಾರ್ಬನ್ ಡೈಆಕ್ಸೈಡ್ ಹಿಮದ ಸಂದುಗಳಿಂದ ಮೇಲೇರುತ್ತದೆ.

ಮಧುಗಿರಿ ಸೀಮೆಯ ತಿಮ್ಲಾಪುರದ ಕುರುಚಲು ಕಾಡಿಗೆ ಹಿಮದ ಗೊಡವೆಯಿಲ್ಲ. ಇಲ್ಲಿ ಮಣ್ಣಿನ ಉಸಿರನ್ನು ಕಟ್ಟುವುದು ಮಳೆಯಿಲ್ಲದ ತಿಂಗಳುಗಳ ಒಣಗು. ಹಿಂಗಾರಿನ ತೇವ ಮಾಗಿಯಲ್ಲಿ ಆರುತ್ತಾ ಹೋಗಿ, ಶಿವರಾತ್ರಿಯ ಹೊತ್ತಿಗೆ ಸೂಕ್ಷ್ಮಜೀವಿಗಳ ಕೆಲಸ ಬಹುತೇಕ ನಿಂತಿರುತ್ತದೆ. ಗಾಳಿಯಾಡುವ ಇಂಥ ಒಣನೆಲ ಸಾಮಾನ್ಯವಾಗಿ ಮೀಥೇನನ್ನು ಬಿಡುವುದಕ್ಕಿಂತ ಹೀರುವುದೇ ಹೆಚ್ಚು.

ಭರಣಿ ಮಳೆ ಬಿದ್ದರೆ ಲೆಕ್ಕವೇ ಬೇರೆ. ಮಣ್ಣಿನ ಘಮ ಎಲ್ಲರ ಮೂಗಿಗೂ ತಾಗುತ್ತದೆ. ಜೊತೆಗೇ ಭರ್ರನೆ ಹೊಮ್ಮುವ ಕಾರ್ಬನ್ ಡೈಆಕ್ಸೈಡ್‌ಗೆ ವಾಸನೆಯಿಲ್ಲ. ಒಣಗಿನಲ್ಲಿ ಸತ್ತ ಸೂಕ್ಷ್ಮಜೀವಿಗಳೇ ಉಳಿದವುಗಳಿಗೆ ಆಹಾರವಾಗುವುದು ಈ ಹೊಮ್ಮುವಿಕೆಗೊಂದು ಕಾರಣ. 1958ರಲ್ಲಿ ಇದನ್ನು ವಿವರಿಸಿದ ಎಚ್. ಎಫ್. ಬರ್ಚ್ ಹೆಸರಿನಿಂದ ಇದು ‘ಬರ್ಚ್ ಪರಿಣಾಮ’.