ಹಿಮದ ನಾಡಿನಲ್ಲಿ ದುಡಿಮೆಯ ಬಂಡಿಗೆ ಬೆಚ್ಚನೆಯ ಇರುಳು

ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯವರಾದ ನಮಗೆ ಬಿಸಿಲಿನ ಪರಿಚಯ ಚೆನ್ನಾಗಿ ಉಂಟು, ಹಿಮದ ಪರಿಚಯವಿಲ್ಲ. ಕೃಷ್ಣೆ-ಭೀಮೆಯರು ಕೂಡುವ ಈ ನೆಲದಲ್ಲಿ ಪುಷ್ಯಮಾಸದ ಕಡುಚಳಿಯಲ್ಲಿಯೂ ಕೊಡದ ನೀರು ಕೈ ಕೊರೆಯುವಷ್ಟು ತಣ್ಣಗಾಗುವುದೇ ಹೊರತು ಕಲ್ಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಪ್ಪುಗಟ್ಟುವ ವಸ್ತುವೆಂದರೆ ಕೊಬ್ಬರಿ ಎಣ್ಣೆ ಒಂದೇ. ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಉಷ್ಣಮಾನ ಕೆಳಗಿಳಿದರೆ ಅದು ಶೀಸೆಯಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ. ಅದನ್ನು ಬಿಸಿಲಿಗಿಟ್ಟರೆ ಸಾಕು, ನಮ್ಮ ಚಳಿಗಾಲದ ತೊಂದರೆ ಅಲ್ಲಿಗೆ ತೀರಿತು.

ಆದರೆ ಓದಿಗೋ ದುಡಿಮೆಗೋ ಊರು ಬಿಟ್ಟ ಕನ್ನಡ ಮನೆಗಳ ಮಕ್ಕಳು ಇಂದು ಕೆನಡ, ಅಮೆರಿಕಗಳ ಶೀತಪ್ರದೇಶಗಳಲ್ಲಿಯೂ ನೆಲೆಸಿದ್ದಾರೆ. ಕೆನಡದ ವಿನ್ನಿಪೆಗ್ ನಗರದಲ್ಲಿ ಜನವರಿಯ ರಾತ್ರಿ ಉಷ್ಣಮಾನವು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ ಸಂಗತಿ. ಅಂತಹ ಊರಿನಲ್ಲಿ ಕೈಕಸುಬಿನಿಂದ ಬದುಕುವವನ ಪಾಡನ್ನು ಊಹಿಸಿಕೊಳ್ಳಿರಿ. ಮನೆಮನೆಗೆ ಹೋಗಿ ಜಮಖಾನೆ ತೊಳೆದುಕೊಡುವವನು, ನಲ್ಲಿ ರಿಪೇರಿ ಮಾಡುವವನು ತನ್ನ ಯಂತ್ರ, ಪಂಪು, ಕೊಳವೆ, ನೀರಿನ ಟ್ಯಾಂಕು ಎಲ್ಲವನ್ನೂ ವ್ಯಾನಿನಲ್ಲಿಯೇ ಹೊತ್ತು ತಿರುಗುತ್ತಾನೆ. ಹಗಲೆಲ್ಲ ಎಂಜಿನ್ನಿನ ಕಾವಿನಲ್ಲಿ ಅವು ಸುರಕ್ಷಿತ. ರಾತ್ರಿ ವ್ಯಾನು ನಿಂತ ಮೇಲೆಯೇ ಅಪಾಯ. ಒಂದು ರಾತ್ರಿಯ ಅಲಕ್ಷ್ಯದಿಂದ ಇಡೀ ವರ್ಷದ ಗಳಿಕೆಗೆ ಆಧಾರವಾದ ಯಂತ್ರವು ಬೆಳಗಾಗುವುದರೊಳಗೆ ಸೀಳಿಹೋಗಬಹುದು.

ನೀರಿನ ವಿಪರೀತ ಗುಣ

ಹೆಚ್ಚಿನ ಪದಾರ್ಥಗಳು ತಣ್ಣಗಾದಂತೆ ಕುಗ್ಗುತ್ತವೆ. ನೀರೂ 4 ಡಿಗ್ರಿಯವರೆಗೆ ಹಾಗೆಯೇ ಕುಗ್ಗುತ್ತದೆ. ಆಮೇಲೆ ಅದರ ಸ್ವಭಾವ ತಿರುಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ಅದರ ಗಾತ್ರವು ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ತೆರೆದ ಪಾತ್ರೆಯಲ್ಲಿ ಹಿಗ್ಗಿದರೆ ಹಾನಿಯಿಲ್ಲ. ಪಂಪಿನ ಒಳಗೆ, ಹಿತ್ತಾಳೆಯ ಕವಾಟದಲ್ಲಿ, ತಾಮ್ರದ ಸುರುಳಿಯಲ್ಲಿ ಸಿಕ್ಕಿಬಿದ್ದ ನೀರಿಗೆ ಹಿಗ್ಗಲು ಎಡೆಯಿಲ್ಲ. ಆದ್ದರಿಂದ ಅದು ಲೋಹವನ್ನೇ ಒಡೆಯುತ್ತದೆ. ಒಡೆದ ಸಂಗತಿ ಆಗಲೇ ತಿಳಿಯುವುದೂ ಇಲ್ಲ. ಮಂಜು ಕರಗಿ ನೀರು ಸೋರತೊಡಗಿದಾಗಲೇ ನಷ್ಟದ ಅರಿವಾಗುತ್ತದೆ.

ಕಾವು ಕೊಡುವ ಬಗೆ

ಎಲ್ಲಕ್ಕಿಂತ ಉತ್ತಮವಾದ ಉಪಾಯವೆಂದರೆ ವ್ಯಾನನ್ನು ಬೆಚ್ಚಗಿರುವ ಷೆಡ್ಡಿನೊಳಗೆ ನಿಲ್ಲಿಸುವುದು. ಆ ಅನುಕೂಲವಿಲ್ಲದವರು ವ್ಯಾನಿನೊಳಗೆ ವಿದ್ಯುತ್ ಹೀಟರ್ ಇಡುತ್ತಾರೆ. ಇಲ್ಲಿ ಒಂದು ತತ್ತ್ವವನ್ನು ಮನಗಾಣಬೇಕು. ನಮ್ಮ ಕುರುಬರು ನೇಯುವ ಕಂಬಳಿಯು ತಾನಾಗಿ ಕಾವನ್ನು ಹುಟ್ಟಿಸುವುದಿಲ್ಲ. ಹೊದ್ದವನ ಮೈಯ ಕಾವು ಹೊರಹೋಗದಂತೆ ತಡೆಯುತ್ತದೆ, ಅಷ್ಟೇ. ತಣ್ಣಗಾದ ಯಂತ್ರಕ್ಕೆ ಬರಿಯ ಹೊದಿಕೆ ಹೊದಿಸಿದರೆ ಅದು ಹೆಪ್ಪುಗಟ್ಟುವುದು ತಡವಾದೀತೇ ಹೊರತು ತಪ್ಪದು. ಹೊದಿಕೆಯಿಲ್ಲದೆ ಹೀಟರನ್ನು ಮಾತ್ರ ಇಟ್ಟರೆ ಕಾವೆಲ್ಲ ತಗಡಿನ ಮೂಲಕ ಬಯಲಿಗೆ ಹೋಗುತ್ತದೆ. ಆದ್ದರಿಂದ ಎರಡೂ ಬೇಕು. ವ್ಯಾನಿನ ಗೋಡೆ, ನೆಲ, ಬಾಗಿಲುಗಳಿಗೆ ಶಾಖನಿರೋಧಕ ಹಲಗೆ ಬಡಿದು, ಯಂತ್ರವಿರುವ ಭಾಗವನ್ನು ಪರದೆಯಿಂದ ಬೇರ್ಪಡಿಸಿದರೆ ಸಣ್ಣ ಹೀಟರೇ ಸಾಕಾಗುತ್ತದೆ.

1500 ವಾಟಿನ ಹೀಟರು 10 ಗಂಟೆ ಎಡೆಬಿಡದೆ ಉರಿದರೆ 15 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ. ಉಷ್ಣಮಾನವನ್ನು ನೋಡಿಕೊಂಡು ತಾನಾಗಿ ಆರಿ ಹೊತ್ತುವ ಥರ್ಮೋಸ್ಟಾಟ್ ಇದ್ದು, ಅರ್ಧ ಹೊತ್ತು ಮಾತ್ರ ಉರಿದರೆ ಖರ್ಚೂ ಅರ್ಧ. ವ್ಯಾನನ್ನು ಮನೆಯಂತೆ ಬೆಚ್ಚಗಿಡುವ ಅಗತ್ಯವಿಲ್ಲ. ನೀರು ಸೊನ್ನೆಗಿಳಿಯದಂತೆ ನಾಲ್ಕೈದು ಡಿಗ್ರಿ ಮೇಲಿದ್ದರೆ ಕೆಲಸವಾಯಿತು. ಆದರೆ ಕಾವು ಮೇಲಕ್ಕೇರುವುದರಿಂದ ಉಷ್ಣಮಾಪಕವನ್ನು ಸೂರಿನ ಬಳಿ ತೂಗುಹಾಕದೆ ನೆಲದ ಮೇಲಿನ ಪಂಪಿನ ಪಕ್ಕದಲ್ಲಿ ಇಡತಕ್ಕದ್ದು.

ಹೀಟರಿನ ಸುತ್ತ ಮೂರು ಅಡಿಯಷ್ಟು ದೂರದಲ್ಲಿ ಬಟ್ಟೆ, ಕಾಗದ, ಪೆಟ್ರೋಲು, ತೊಳೆಯುವ ರಸಾಯನಗಳ ಡಬ್ಬಿ ಯಾವುದೂ ಇರಬಾರದು. ತೆಳ್ಳನೆಯ ವಯರಿನ ಎಕ್ಸ್‌ಟೆನ್ಷನ್ ಬಳಸಿದರೆ ವಯರೇ ಕಾದು ಬೆಂಕಿ ಹತ್ತೀತು. ಇಷ್ಟೆಲ್ಲ ಎಚ್ಚರ ವಹಿಸಿದರೂ ನಡುರಾತ್ರಿ ವಿದ್ಯುತ್ತು ನಿಂತರೆ ಹೀಟರು ಬರಿಯ ಪೆಟ್ಟಿಗೆ. ಅದಕ್ಕಾಗಿ ಅನುಭವಸ್ಥರು ಸಂಜೆಯೇ ಟ್ಯಾಂಕು, ಕೊಳವೆಗಳ ನೀರನ್ನು ಬಸಿದು, ಉಳಿದ ಹನಿಗಳನ್ನು ಗಾಳಿ ಹೊಡೆದು ಹೊರಹಾಕುತ್ತಾರೆ. ನೀರೇ ಇಲ್ಲದ ಕೊಳವೆ ಎಷ್ಟು ಚಳಿಗೂ ಒಡೆಯುವುದಿಲ್ಲ.

ಎಂಜಿನ್ನಿನ ಪಾಡು

ಎಂಜಿನ್ನನ್ನು ತಂಪುಗೊಳಿಸುವ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಸಮಪಾಲು ಬೆರೆಸಿದರೆ ಅದು ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟದು. ಈ ದ್ರವ ರುಚಿಗೆ ಸಿಹಿ, ಗುಣದಲ್ಲಿ ಘೋರ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ನಿಲುಕದಂತೆ ಇಡಬೇಕು.

ಕಡುಶೀತದಲ್ಲಿ ಎಂಜಿನ್ನಿನ ಎಣ್ಣೆಯೂ ಮಂದವಾಗಿ ಬೆಳಿಗ್ಗೆ ವಾಹನ ಹೊರಡುವುದೇ ಇಲ್ಲ. ಅದಕ್ಕಾಗಿ ಕೆನಡದ ಅನೇಕ ಊರುಗಳಲ್ಲಿ ಎಂಜಿನ್ನಿನೊಳಗೇ ಸಣ್ಣ ಹೀಟರನ್ನು ಅಳವಡಿಸಿರುತ್ತಾರೆ. ಕಾರುಗಳ ಮೂತಿಯಿಂದ ವಿದ್ಯುತ್ ಪ್ಲಗ್ಗು ಜೋತುಬಿದ್ದಿರುವುದನ್ನೂ, ನಿಲ್ದಾಣಗಳಲ್ಲಿ ಅದನ್ನು ಚುಚ್ಚಲು ಸಾಲುಸಾಲಾಗಿ ವಿದ್ಯುತ್ ಕಂಬಗಳಿರುವುದನ್ನೂ ಕಂಡು ಹೊಸಬರು ಬೆರಗಾಗುತ್ತಾರೆ. ಇದು ರಾತ್ರಿಯಿಡೀ ಉರಿಯಬೇಕಿಲ್ಲ. ಹೊರಡುವ ನಾಲ್ಕು ಗಂಟೆ ಮೊದಲು ಹೊತ್ತುವಂತೆ ಗಡಿಯಾರದ ಸ್ವಿಚ್ಚು ಹಾಕಿದರೆ ಸಾಕು.

ಇಷ್ಟು ದೂರವೇಕೆ, ನಮ್ಮ ದೇಶದ ಲಡಾಖಿನಲ್ಲಿಯೇ ಇದರ ಅನುಭವವಾಗುತ್ತದೆ. ಡೀಸೆಲಿನಲ್ಲಿ ಕರಗಿರುವ ಮೇಣವು ಚಳಿಗೆ ಬೇರ್ಪಟ್ಟು, ಕೊಬ್ಬರಿ ಎಣ್ಣೆಯಂತೆಯೇ ಹೆಪ್ಪಾಗಿ ಕೊಳವೆಗಳನ್ನು ಕಟ್ಟುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚಿ ಅದನ್ನು ಕರಗಿಸುವ ಅಪಾಯಕರ ಪದ್ಧತಿ ಲಾರಿ ಚಾಲಕರಲ್ಲಿತ್ತು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲನ್ನು ಅಲ್ಲಿ ಒದಗಿಸತೊಡಗಿತು.

ಕಾಣದ ವೈರಿ

ಯಂತ್ರ ಒಡೆದರೆ ಹೊಸದು ತರಬಹುದು. ಹೋದ ಪ್ರಾಣ ಬಾರದು. ಮುಚ್ಚಿದ ವ್ಯಾನು, ಷೆಡ್ಡುಗಳಲ್ಲಿ ಗ್ಯಾಸಿನ ಒಲೆ, ಇದ್ದಿಲು, ಸೀಮೆಎಣ್ಣೆಯ ಹೀಟರುಗಳನ್ನು ಉರಿಸುವುದು, ಎಂಜಿನ್ನನ್ನು ಓಡುತ್ತಲೇ ಬಿಡುವುದು ಮೃತ್ಯುವಿಗೆ ಆಹ್ವಾನ. ಗಾಳಿ ಸಾಲದೆ ಅರೆಬೆಂದ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಪರು. ನಿದ್ರೆಯಲ್ಲಿದ್ದವನಿಗೆ ಆ ಎಚ್ಚರಿಕೆಯೂ ಇಲ್ಲ.

ಈ ಮಾತು ಹಿಮದ ನಾಡಿಗೆ ಮಾತ್ರ ಸಲ್ಲತಕ್ಕದ್ದಲ್ಲ. ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಗಾಳಿ ತಾಗೀತೆಂದು ಕಿಟಕಿ ಬಾಗಿಲು ಮುಚ್ಚುವ ರೂಢಿಯುಂಟು. ಹೊಗೆಯಿಲ್ಲದ ನಿಗಿನಿಗಿ ಕೆಂಡವು ನಿರಪಾಯವೆಂಬುದು ತಪ್ಪು ತಿಳಿವಳಿಕೆ; ಆ ಕೆಂಡದಿಂದಲೂ ಇದೇ ಅನಿಲ ಹೊಮ್ಮುತ್ತದೆ. ತಾಯಿ ಮಗು ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಡಿರಿ. ಬೆಚ್ಚಗಿಡಲು ಕಂಬಳಿ, ಕುಲಾವಿಗಳಿವೆ. ಬೆಂಕಿಯಿದ್ದ ಕೋಣೆಯಲ್ಲಿ ಯಾರಾದರೂ ಮಂಕಾಗಿ ಬಿದ್ದಿದ್ದರೆ ಕೂಡಲೇ ಬಾಗಿಲು ತೆರೆದು, ಅವರನ್ನು ಬಯಲಿಗೆ ತಂದು, ಆಸ್ಪತ್ರೆಗೆ ಸಾಗಿಸಿರಿ.

ಹೊರಡುವವರಿಗೆ ಒಂದು ಕಿವಿಮಾತು

ಉತ್ತರ ಅಮೆರಿಕದ ಮನೆಗಳಿಗೆ 120 ವೋಲ್ಟಿನ ವಿದ್ಯುತ್ತು. ನಮ್ಮದು 230 ವೋಲ್ಟು. ನಮ್ಮ ಪೇಟೆಯಲ್ಲಿ ಕೊಂಡ ಹೀಟರು ಅಲ್ಲಿ ಕಾಲು ಪಾಲಿನಷ್ಟು ಕಾವನ್ನು ಮಾತ್ರ ಕೊಟ್ಟೀತು. ಅಲ್ಲಿಯದನ್ನು ಇಲ್ಲಿಗೆ ತಂದು ಹಚ್ಚಿದರೆ ಸುಟ್ಟೇಹೋದೀತು. ಆದ್ದರಿಂದ ಹೀಟರನ್ನು ಅಲ್ಲಿಯೇ ಕೊಳ್ಳುವುದು ಜಾಣತನ. ಅದರ ಜೊತೆಗೆ ಕಾರ್ಬನ್ ಮಾನಾಕ್ಸೈಡನ್ನು ಕಂಡೊಡನೆ ಕೂಗುವ ಸಣ್ಣ ಉಪಕರಣವೊಂದನ್ನೂ ಕೊಳ್ಳಲಿ. ಫೋನಿನಲ್ಲಿ ಮಕ್ಕಳ ಊಟ, ಆರೋಗ್ಯ ವಿಚಾರಿಸುವಾಗ ಈ ಉಪಕರಣ ಮನೆಯಲ್ಲಿ ಇದೆಯೇ ಎಂದು ಕೇಳಲು ಹಿರಿಯರು ಸಂಕೋಚಪಡಬೇಕಾಗಿಲ್ಲ.