ದುಬೈ ವಿಮಾನಕ್ಕೆ ಎಷ್ಟು ಹೊತ್ತು?

ನಮ್ಮ ಕರಾವಳಿಯ ಎಷ್ಟೋ ಮನೆಯವರು ದುಬೈಯಲ್ಲಿ ದುಡೀತಾರೆ. ಒಬ್ಬಳ ಗಂಡ ಅಲ್ಲಿದ್ದಾನೆ. ಇನ್ನೊಬ್ಬಳ ಮಗ ಅಲ್ಲಿದ್ದಾನೆ. ಈಗ ಹೆಣ್ಣುಮಕ್ಕಳೂ ಹೋಗ್ತಾರೆ. ಮನೆಗೆ ಟಿಕೆಟು ಬರುತ್ತದೆ. ಅದನ್ನು ಓದುವವರು ಯಾರು? ಬನ್ನಿ ಅಕ್ಕ, ನಾವೇ ಓದೋಣ.

ದೂರ ಎಷ್ಟು?

ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಘಾಟಿ ಹತ್ತಿ ಹೋಗುವ ಬಸ್ಸಿಗೆ ಏಳೆಂಟು ಗಂಟೆ ಬೇಕು. ದುಬೈ ಅದರ ಏಳು ಪಟ್ಟು ದೂರ. ಅಂದರೆ ಸುಮಾರು 2,450 ಕಿಲೋಮೀಟರ್. ನಡುವೆ ಅರಬ್ಬಿ ಸಮುದ್ರ ಇದೆ.

ವಿಮಾನಕ್ಕೆ ಘಾಟಿ ಇಲ್ಲ, ತಿರುವು ಇಲ್ಲ. ಅದು ಗಂಟೆಗೆ ಸುಮಾರು 800 ಕಿಲೋಮೀಟರ್ ಹಾರುತ್ತದೆ. ಲೆಕ್ಕ ಹಾಕಿ ನೋಡಿ. ಮೂರು ಗಂಟೆಗೆ 2,400 ಆಯಿತು. ಏರುವಾಗ, ಇಳಿಯುವಾಗ ವೇಗ ಕಡಿಮೆ. ಆದ್ದರಿಂದ ಒಟ್ಟು ಸುಮಾರು ಮೂರೂವರೆ ಗಂಟೆ ಬೇಕು. ಎದುರುಗಾಳಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಗಾಳಿ ಹಿಂದಿನಿಂದ ಬೀಸಿದರೆ ಬೇಗ.

ಎರಡು ಊರು, ಎರಡು ಗಂಟೆ

ಒಂದು ಟಿಕೆಟಿನಲ್ಲಿ ಹೀಗೆ ಬರೆದಿದೆ ಅಂತ ಇಟ್ಟುಕೊಳ್ಳಿ. ಮಂಗಳೂರು ಬಿಡುವುದು 10:00. ದುಬೈ ಸೇರುವುದು 12:00.

ಹಾಗಾದರೆ ಎರಡೇ ಗಂಟೆಯ ದಾರಿಯಾ? ಅಲ್ಲ. ಟಿಕೆಟಿನಲ್ಲಿ ಆಯಾ ಊರಿನ ಗಂಟೆಯನ್ನೇ ಬರೆಯುತ್ತಾರೆ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ. ದುಬೈ ನಮಗೆ ಪಡುವಣದಲ್ಲಿದೆ. ಅಲ್ಲಿ ಬೆಳಗಾಗುವುದು ನಮಗಿಂತ ತಡ. ಅದಕ್ಕೇ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ 12 ಹೊಡೆದಾಗ ನಮ್ಮಲ್ಲಿ ಒಂದೂವರೆ. ಈಗ ಮೂರೂವರೆ ಗಂಟೆಯ ಲೆಕ್ಕ ಸರಿ ಬಂತಲ್ವಾ?

ಇದು ಗೊತ್ತಿದ್ದರೆ ಗಾಬರಿ ಇಲ್ಲ. ನಮ್ಮ ಗೋಡೆ ಗಡಿಯಾರದಲ್ಲಿ 12 ಆದರೂ ಮಗಳ ಫೋನು ಬರಲಿಲ್ಲ ಅಂತ ಅಳಬೇಕಾಗಿಲ್ಲ. ಅವಳಿನ್ನೂ ಆಕಾಶದಲ್ಲಿದ್ದಾಳೆ. ಇಳಿದ ಮೇಲೂ ಪಾಸ್‌ಪೋರ್ಟು ತೋರಿಸಬೇಕು, ಪೆಟ್ಟಿಗೆ ತೆಗೆದುಕೊಳ್ಳಬೇಕು. ಅದಕ್ಕೂ ಹೊತ್ತು ಬೇಕು.

ನಡುರಾತ್ರಿಯ ತಾರೀಕು

ಟಿಕೆಟಿನಲ್ಲಿ ದಿನಕ್ಕೆ 24 ಗಂಟೆಯ ಲೆಕ್ಕ. 13:00 ಅಂದರೆ ಮಧ್ಯಾಹ್ನ ಒಂದು ಗಂಟೆ. 20:00 ಅಂದರೆ ರಾತ್ರಿ ಎಂಟು. 12ಕ್ಕಿಂತ ಹೆಚ್ಚಿದ್ದರೆ 12 ಕಳೆಯಿರಿ, ಸಾಕು.

ಆದರೆ 00:30 ಅಂತ ಇದ್ದರೆ ಜೋಪಾನ! ಅದು ನಡುರಾತ್ರಿ ಹನ್ನೆರಡೂವರೆ. ತಾರೀಕು 15, ಸಮಯ 00:30 ಅಂತ ಇದೆ ಅನ್ನಿ. 14ರ ರಾತ್ರಿ ಹನ್ನೆರಡು ಹೊಡೆದ ಕೂಡಲೇ 15 ಶುರು. ಅದಾಗಿ ಅರ್ಧ ಗಂಟೆಗೆ ವಿಮಾನ ಹೊರಡುತ್ತದೆ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿ ಇರಬೇಕು. ಅಂದರೆ 14ರ ರಾತ್ರಿ ಒಂಬತ್ತೂವರೆಗೇ ಬಜ್ಪೆ ಮುಟ್ಟಬೇಕು. 15ರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಸಾಲ ಮಾಡಿ ಕೊಂಡ ಟಿಕೆಟು ನೀರುಪಾಲು. ಕೆಲಸಕ್ಕೂ ಕುತ್ತು ಬರಬಹುದು.

ಟಿಕೆಟು ಬಂದ ದಿನವೇ ಮೂರು ಸಂಗತಿ ಓದಿ. ತಾರೀಕು ಯಾವುದು? ಹೊರಡುವುದು ಎಷ್ಟು ಗಂಟೆಗೆ? ಸೇರುವುದು ಎಷ್ಟು ಗಂಟೆಗೆ? ಮನೆ ಬಿಡುವ ದಿನವನ್ನೂ ಗಂಟೆಯನ್ನೂ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ.