ಮಳೆಮಾಪಕ ಮೌನವಾದಾಗ

ಮಕ್ಕಳೇ, ನಿಮ್ಮ ಗ್ರಾಮ ಪಂಚಾಯಿತಿ ಕಚೇರಿಯ ಅಂಗಳದಲ್ಲೋ ಮಾಳಿಗೆಯ ಮೇಲೋ ಒಂದು ಕಂಬ, ಅದರ ಮೇಲೆ ಪುಟ್ಟ ಸೌರಫಲಕ, ಪಕ್ಕದಲ್ಲಿ ಡಬ್ಬಿಯಂಥ ಒಂದು ಉಪಕರಣ ಇರುವುದನ್ನು ನೋಡಿದ್ದೀರಾ? ಅದು ಸ್ವಯಂಚಾಲಿತ ಮಳೆಮಾಪಕ. ನಮ್ಮ ರಾಜ್ಯದಲ್ಲಿ ಇಂಥವು ಆರು ಸಾವಿರಕ್ಕೂ ಹೆಚ್ಚು ಇವೆ. ಎಷ್ಟು ಮಳೆ ಬಿತ್ತು ಎಂಬ ಲೆಕ್ಕವನ್ನು ಇವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಕಳಿಸುತ್ತವೆ.

ಈ ಲೆಕ್ಕ ಯಾರಿಗೆ ಬೇಕು? ಪ್ರವಾಹದ ಎಚ್ಚರಿಕೆ ಕೊಡುವವರಿಗೆ ಬೇಕು. ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ ಅಡಿಕೆ, ಕಾಳುಮೆಣಸು ಬೆಳೆಗಾರರಿಗೂ ಬೇಕು. ಆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮುಖ್ಯವಾಗಿ ಮಾಪಕ ದಾಖಲಿಸಿದ ಅಂಕಿಗಳಿಂದ. ಹಾಗಿರುವಾಗ ಮಾಪಕ ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾದರೆ?

ಮೊದಲು ಅದರ ಹೊಟ್ಟೆಯೊಳಗೆ ಏನಿದೆ ನೋಡೋಣ. ಮೇಲೆ ಒಂದು ಆಲಿಕೆ. ಅದರ ಕೆಳಗೆ ಎರಡು ಪುಟ್ಟ ಬಟ್ಟಲುಗಳು. ಇಬ್ಬರು ಮಕ್ಕಳು ಎರಡು ತುದಿಗಳಲ್ಲಿ ಕುಳಿತು ಏರಿಳಿಯುವ ಆಟದ ಹಲಗೆಯಂತೆ ಇವೂ ಒಂದಕ್ಕೊಂದು ಜೋಡಿಯಾಗಿವೆ. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ವಾಲುವಾಗಲೂ ಒಂದು ಪುಟ್ಟ ಅಯಸ್ಕಾಂತ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಒಳಗಿನ ಪುಟ್ಟ ಗಣಕ ‘ಒಂದು’ ಎಂದು ಎಣಿಸಿಕೊಳ್ಳುತ್ತದೆ. ಇದಿಷ್ಟೇ ಸಂವೇದಕ! ಉಳಿದದ್ದು ಬ್ಯಾಟರಿ, ಅದನ್ನು ತುಂಬುವ ಸೌರಫಲಕ ಮತ್ತು ಸುದ್ದಿ ಕಳಿಸುವ ರೇಡಿಯೋ ಭಾಗ.

ನಾನು ಆಗಾಗ ಭೇಟಿ ಕೊಡುವ ಒಂದು ಶಾಲೆಯಲ್ಲಿ ಇದೇ ಬಗೆಯ ಚಿಕ್ಕ ಮಾಪಕವಿದೆ. ಒಂದು ಜುಲೈ ತಿಂಗಳಲ್ಲಿ ಮೂರು ದಿನಗಳಿಂದ ಅದರ ಲೆಕ್ಕವೇ ಬರಲಿಲ್ಲ. ನಾನು ಹೋದವನೇ ಪೆಟ್ಟಿಗೆ ತೆರೆದು ರೀಸೆಟ್ ಗುಂಡಿ ಒತ್ತಿದೆ. ಹಸಿರು ದೀಪ ಮಿನುಗಿತು, ಲೆಕ್ಕ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು, ನನಗೂ ಹೆಮ್ಮೆಯಾಯಿತು. ಸಂಜೆಯಾಗುತ್ತಲೇ ಮಾಪಕ ಮತ್ತೆ ಮೌನ! ಮೊದಲು ಕಾರಣ ಹುಡುಕದೆ ಗುಂಡಿ ಒತ್ತಿದ್ದು ನನ್ನ ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು.

ಅದೇನೆಂದು ತಿಳಿಯಲು, ರೀಸೆಟ್ ಎಂದರೆ ಏನು ಎಂಬುದು ಗೊತ್ತಿರಬೇಕು. ಗಣಕಕ್ಕೆ ಎರಡು ಬಗೆಯ ನೆನಪು ಇರುತ್ತದೆ. ಒಂದು ನಿಮ್ಮ ಸ್ಲೇಟಿನಂತೆ, ಇನ್ನೊಂದು ನೋಟ್‌ಬುಕ್ಕಿನಂತೆ. ಸದ್ಯದ ಕೆಲಸವೆಲ್ಲ ನಡೆಯುವುದು ಸ್ಲೇಟಿನ ಮೇಲೆ. ಲೆಕ್ಕ ಎಲ್ಲೋ ಸಿಕ್ಕಿಕೊಂಡು ಮುಂದೆ ಹೋಗದಿದ್ದರೆ ನೀವು ಏನು ಮಾಡುತ್ತೀರಿ? ಸ್ಲೇಟು ಒರೆಸಿ ಮೊದಲಿನಿಂದ ಶುರು ಮಾಡುತ್ತೀರಿ. ರೀಸೆಟ್ ಮಾಡುವುದೂ ಅದನ್ನೇ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಸೂಚನೆಗಳು ಹಾಗೆಯೇ ಉಳಿಯುತ್ತವೆ. ಗಣಕ ಅವನ್ನು ಮೊದಲ ಸಾಲಿನಿಂದ ಮತ್ತೆ ಓದುತ್ತದೆ. ಆದರೆ ಆ ಶಾಲೆಯ ಮಾಪಕ, ಕಳಿಸಲಾಗದೆ ಉಳಿದಿದ್ದ ಮೂರು ದಿನಗಳ ಎಣಿಕೆಯನ್ನು ಸ್ಲೇಟಿನ ಮೇಲೆಯೇ ಇಟ್ಟುಕೊಂಡಿತ್ತು. ನಾನು ಅದನ್ನು ಒರೆಸಿಬಿಟ್ಟೆ! ಮೊದಲು ತಂತಿ ಜೋಡಿಸಿ ನಕಲು ಮಾಡಿಕೊಂಡಿದ್ದರೆ ಅವು ಉಳಿಯುತ್ತಿದ್ದವು.

ಮರುದಿನ ಮಲ್ಟಿಮೀಟರ್ ಹಿಡಿದು ಹೋದೆ. ಪೂರ್ತಿ ತುಂಬಿದ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇದು 11ನ್ನೂ ಮುಟ್ಟಲಿಲ್ಲ. ಬಟ್ಟಲಿನ ಎಣಿಕೆಗೆ ತುಂಬ ಕಡಿಮೆ ವಿದ್ಯುತ್ ಸಾಕು. ಸುದ್ದಿ ಕಳಿಸುವ ಆ ಕ್ಷಣದಲ್ಲಿ ಮಾತ್ರ ರೇಡಿಯೋ ಭಾಗಕ್ಕೆ ಅದರ ನೂರಾರು ಪಟ್ಟು ವಿದ್ಯುತ್ ಪ್ರವಾಹ ಬೇಕು. ಸೊರಗಿದ ಬ್ಯಾಟರಿ ಅಷ್ಟನ್ನು ಕೊಡಲಾರದೆ ಕುಸಿಯುತ್ತದೆ. ಅಂದರೆ ಮಾಪಕಕ್ಕೆ ಎಣಿಸುವ ಶಕ್ತಿ ಇತ್ತು, ಹೇಳುವ ಶಕ್ತಿ ಇರಲಿಲ್ಲ.

ಬ್ಯಾಟರಿ ಏಕೆ ಸೊರಗಿತು? ಪಕ್ಕದ ಹೊಂಗೆ ಮರದ ಒಂದು ಕೊಂಬೆ ಬೆಳೆದು ಫಲಕದ ಮೂಲೆಗೆ ನೆರಳು ಹಾಕಿತ್ತು. ಮೂಲೆಗೆ ತಾನೆ ಎನ್ನಬೇಡಿ. ಫಲಕದ ಸೌರಕೋಶಗಳು ಸಾಲಾಗಿ ಜೋಡಿಸಲ್ಪಟ್ಟಿರುತ್ತವೆ. ಸಾಲಿನಲ್ಲಿ ನಿಂತು ಇಟ್ಟಿಗೆ ದಾಟಿಸುವಾಗ ಒಬ್ಬ ಕೈಕಟ್ಟಿ ನಿಂತರೆ ಇಡೀ ಸಾಲು ನಿಲ್ಲುವುದಿಲ್ಲವೇ? ಹಾಗೆಯೇ ಒಂದು ಕೋಶ ನೆರಳಿಗೆ ಬಿದ್ದರೂ ಫಲಕದ ಒಟ್ಟು ವಿದ್ಯುತ್ ಬಹಳ ಕುಗ್ಗುತ್ತದೆ.

ಕೊಂಬೆ ಕಡಿಸಿ, ಫಲಕ ಒರೆಸಿ, ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದೆವು. ಆಮೇಲೆ ಸರಿಯಾದ ರೀಸೆಟ್. ಸೌರಫಲಕದ ತಂತಿಯನ್ನು ಮೊದಲು ಬಿಡಿಸಿ, ನಂತರ ಬ್ಯಾಟರಿಯದನ್ನು ಬಿಡಿಸಿ, ಅರ್ಧ ನಿಮಿಷ ಕಾದೆವು. ಕಾಯುವುದೇಕೆ? ಒಳಗಿನ ಕೆಪಾಸಿಟರ್ ಎಂಬ ಬಿಡಿಭಾಗಗಳು ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅವು ಖಾಲಿಯಾಗದಿದ್ದರೆ ಸ್ಲೇಟು ಪೂರ್ತಿ ಒರೆಸಿದಂತೆ ಆಗುವುದಿಲ್ಲ. ಮತ್ತೆ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ. ಕೊನೆಗೆ ಗಡಿಯಾರ ನೋಡಿದರೆ ಅದು 2000ನೇ ಇಸವಿ ಜನವರಿ 1 ಎನ್ನುತ್ತಿತ್ತು! ಅದನ್ನೂ ಸರಿಪಡಿಸಿದೆವು. ದಿನಾಂಕ ತಪ್ಪಿದ ಮಳೆ ಯಾರಿಗೆ ಬೇಕು?

ಅನೇಕ ಉಪಕರಣಗಳಲ್ಲಿ ತನ್ನಷ್ಟಕ್ಕೆ ತಾನೇ ರೀಸೆಟ್ ಮಾಡುವ ವ್ಯವಸ್ಥೆಯೂ ಇರುತ್ತದೆ. ಅದರ ಹೆಸರು ವಾಚ್‌ಡಾಗ್, ಅಂದರೆ ಕಾವಲುನಾಯಿ. ಗಣಕ ಆಗಾಗ ಅದಕ್ಕೆ ‘ನಾನು ಎಚ್ಚರವಾಗಿದ್ದೇನೆ’ ಎಂದು ಸಂಕೇತ ಕೊಡುತ್ತಿರಬೇಕು. ಕೊಡದಿದ್ದರೆ ನಾಯಿ ಬೊಗಳಿದಂತೆ ಅದು ಗಣಕವನ್ನು ಮೊದಲಿನಿಂದ ಶುರು ಮಾಡಿಸುತ್ತದೆ.

ಆದರೆ ರೀಸೆಟ್ ಎಲ್ಲ ರೋಗಕ್ಕೂ ಮದ್ದಲ್ಲ. 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆ ಸುಮಾರು 2,400 ಕೋಟಿ ಕಿಲೋಮೀಟರ್ ದೂರದಿಂದ ತನ್ನ ಸುತ್ತಲಿನ ಅಂಕಿಅಂಶ ಕಳಿಸುತ್ತಿದ್ದಾಗ, 2023ರ ನವೆಂಬರಿನಲ್ಲಿ ಅರ್ಥವಾಗದ ಸಂಕೇತ ಕಳಿಸತೊಡಗಿತು. ನಾಸಾದವರು ಅದರ ಗಣಕವನ್ನು ಮತ್ತೆ ಶುರು ಮಾಡಿಸಿ ನೋಡಿದರು, ಫಲವಿಲ್ಲ. ಕೊನೆಗೆ ಒಂದು ಮೆಮೊರಿ ಚಿಪ್ ಕೆಟ್ಟಿರುವುದು ಗೊತ್ತಾಯಿತು. ಅದರಲ್ಲಿದ್ದ ಸೂಚನೆಗಳನ್ನು ಬೇರೆ ಜಾಗಕ್ಕೆ ಸರಿಸಿದ ಮೇಲೆ, 2024ರ ಏಪ್ರಿಲಿನಲ್ಲಿ, ಅರ್ಥವಾಗುವ ಸುದ್ದಿ ಬಂತು.

ನಮ್ಮ ಮಾಪಕ ಸರಿಯಾಯಿತೆಂದು ನಂಬುವುದು ಹೇಗೆ? ದೀಪ ಮಿನುಗಿದರೆ ಸಾಲದು. ಆಲಿಕೆಯಲ್ಲಿ ಎಲೆಯೋ ಕಣಜದ ಗೂಡೋ ಕಟ್ಟಿಕೊಂಡಿದ್ದರೆ, ಹೊರಗೆ ಧಾರಾಕಾರ ಮಳೆ ಸುರಿಯುತ್ತಿದ್ದರೂ ಮಾಪಕ ತಪ್ಪದೆ ‘ಸೊನ್ನೆ’ ಎಂದು ಕಳಿಸುತ್ತಿರುತ್ತದೆ! ಆದ್ದರಿಂದ ಒಂದು ಪರೀಕ್ಷೆ ಮಾಡಿದೆವು. ಲೆಕ್ಕ ನೀವೇ ಮಾಡಿ. ಆಲಿಕೆಯ ಬಾಯಿಯ ವ್ಯಾಸ 20 ಸೆಂ.ಮೀ., ಅಂದರೆ ತ್ರಿಜ್ಯ 10 ಸೆಂ.ಮೀ. ವಿಸ್ತೀರ್ಣ 3.14 × 10 × 10 = 314 ಚದರ ಸೆಂ.ಮೀ. ಇದರ ಮೇಲೆ 1 ಸೆಂ.ಮೀ., ಅಂದರೆ 10 ಮಿ.ಮೀ. ಮಳೆ ಬಿದ್ದರೆ ಸೇರುವ ನೀರು 314 ಮಿಲಿಲೀಟರ್. ಬಟ್ಟಲು ಅರ್ಧ ಮಿ.ಮೀ. ಮಳೆಗೆ ಒಮ್ಮೆ ವಾಲುವುದಾದರೆ ಎಷ್ಟು ಸಲ ವಾಲಬೇಕು? ಇಪ್ಪತ್ತು ಸಲ. ಆರನೇ ತರಗತಿಯ ಹುಡುಗಿಯೊಬ್ಬಳು ಅಳತೆ ಜಾಡಿಯಿಂದ 314 ಮಿಲಿಲೀಟರ್ ನೀರನ್ನು ಸಣ್ಣಗೆ ಹೊಯ್ದಳು. ಉಳಿದವರು ಉಸಿರು ಬಿಗಿಹಿಡಿದು ಟಿಕ್ ಟಿಕ್ ಎಣಿಸಿದರು. ಹತ್ತೊಂಬತ್ತು ಬಂತು. ಆಲಿಕೆಯ ಗೋಡೆಗೆ ಅಂಟಿದ ಹನಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚೆನ್ನಾಗಿಯೇ ಇದೆ.

ನಿಮ್ಮ ಪಂಚಾಯಿತಿಯ ಮಾಪಕವನ್ನು ಮಾತ್ರ ನೀವು ಮುಟ್ಟಬೇಡಿ. ಫಲಕಕ್ಕೆ ನೆರಳು ಬಿದ್ದಿದ್ದರೆ, ಆಲಿಕೆಯಲ್ಲಿ ಕಸ ಕಂಡರೆ ಶಿಕ್ಷಕರ ಮೂಲಕ ಕಚೇರಿಗೆ ತಿಳಿಸಿ.

ಶಾಲೆಯ ಮಳೆ ಪುಸ್ತಕದಲ್ಲಿ ಒಂದು ತಿದ್ದುಪಡಿ ಬಾಕಿ ಇತ್ತು. ಲೆಕ್ಕ ಬಾರದ ಮೂರು ದಿನಗಳಿಗೆ ಯಾರೋ 0, 0, 0 ಎಂದು ಬರೆದಿದ್ದರು. ಆ ಮೂರು ದಿನವೂ ಊರಲ್ಲಿ ಮಳೆ ಬಿದ್ದಿತ್ತು! ಸೊನ್ನೆ ಎಂದರೆ ‘ಅಳೆದೆವು, ಮಳೆ ಬರಲಿಲ್ಲ’ ಎಂದು ಅರ್ಥ. ಅವನ್ನು ಹೊಡೆದುಹಾಕಿ ಗೆರೆ ಎಳೆದು ‘ಅಳತೆ ಇಲ್ಲ’ ಎಂದು ಬರೆಸಿದೆ. ಆಗ ನೀರು ಹೊಯ್ದ ಹುಡುಗಿ ಪೆನ್ನು ತೆಗೆದುಕೊಂಡು ಆ ದಿನದ ಸಾಲಿನಲ್ಲಿ ತಾನೇ ಹೀಗೆ ಸೇರಿಸಿದಳು: ‘ಬೆಳಿಗ್ಗೆ 11.20. ಮಾಪಕ ತೋರಿಸಿದ 9.5 ಮಿ.ಮೀ. ಮಳೆ ಅಲ್ಲ, ನಾವು ಹೊಯ್ದ ನೀರು.’